ಪಾಷಾ ಬರೆದ ಪದ, ನಾನು ಹೊಡೆದ ಪದ

ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಕುಳಿತಿರುವ ಚಾಂದ್ ಬಿ ಅತ್ತಿಗೆಯವರೇ, ಮಗಳು ನಾಜ್ನೀನ್, ಗುಂಡ್ಲುಪೇಟೆಯಿಂದ ಬೆಳಿಗ್ಗೆಯೇ ಹೊರಟು ಬಂದ ಪಾಷಾ ಅವರ ಬಂಧುಗಳೇ, ವಕೀಲರಾದ ರಘುನಾಥ ಅವರೇ, ಚಾಮರಾಜನಗರದ ಟೈಪಿಂಗ್ ಅಂಗಡಿಗಳ ನನ್ನ ಗೆಳೆಯರೇ — ನಿಮ್ಮೆಲ್ಲರಿಗೂ ನಮಸ್ಕಾರ.

ಅಲ್ಲಿ ಕಿಟಕಿಯ ಹತ್ತಿರ ತಾಯಿ ಮಗಳು ಕುಳಿತಿದ್ದಾರೆ. ಇಲ್ಲಿ ತುಂಬಾ ಜನಕ್ಕೆ ಅವರ ಪರಿಚಯವಿಲ್ಲ. ಅವರು ಉಮ್ಮತ್ತೂರಿನ ದೊಡ್ಡಮಾದಮ್ಮನವರು, ಪಕ್ಕದಲ್ಲಿರುವುದು ಅವರ ಮಗಳು ಕುಮಾರಿ. ನಂಜನಗೂಡಿನ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಾಳೆ, ಅರ್ಧ ದಿನ ರಜೆ ಹಾಕಿ ಬಂದಿದ್ದಾಳೆ. ನಾನೇ ಫೋನ್ ಮಾಡಿ ಕರೆದೆ. ಅಮ್ಮಾ, ನಿಮಗೂ ನಮಸ್ಕಾರ. ಯಾಕೆ ಕರೆದೆ ಅಂತ ಇನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ. ಹೇಳಲೇಬೇಕು ಅಂತ ಗಟ್ಟಿ ಮನಸ್ಸು ಮಾಡಿ ಬಂದಿದ್ದೇನೆ.

ನನ್ನ ಹೆಸರು ಶಾಂತರಾಜು. ಹರದನಹಳ್ಳಿಯವನು. ಅಪ್ಸರ್ ಪಾಷಾ ಅವರ ಜೊತೆ ಒಂದೇ ಕೋಣೆಯಲ್ಲಿ, ಎದುರುಬದುರು ಮೇಜು ಹಾಕಿಕೊಂಡು, ಒಂಬತ್ತು ವರ್ಷ ಕೆಲಸ ಮಾಡಿದವನು.

ಪಾಷಾ ಹೇಗೆ ಹೋದರು ಅನ್ನುವುದು ನಿಮಗೆಲ್ಲ ಗೊತ್ತು. ಹೋದ ತಿಂಗಳು, ಒಂದು ಮಂಗಳವಾರ ಬೆಳಿಗ್ಗೆ, ಎಂದಿನಂತೆ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದರು. ಕಿಟಕಿ ಪಕ್ಕದ ಸೀಟು. ತೆರಕಣಾಂಬಿಯಲ್ಲಿ ಪಕ್ಕಕ್ಕೆ ಬಂದು ಕುಳಿತ ಒಬ್ಬ ಹೆಂಗಸು, ಇವರು ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡರಂತೆ. ಚಾಮರಾಜನಗರದ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಬಂದು ಭುಜ ಅಲ್ಲಾಡಿಸಿ, "ಸಾಬ್ರೆ, ಸ್ಟ್ಯಾಂಡ್ ಬಂತು, ಇಳೀರಿ" ಅಂದಿದ್ದಾನೆ. ಇಪ್ಪತ್ತು ವರ್ಷದಿಂದ ದಿನಾ ಇಳಿಯುತ್ತಿದ್ದ ಮನುಷ್ಯ ಅವತ್ತು ಇಳಿಯಲಿಲ್ಲ. ಐವತ್ತೇಳು ವರ್ಷ. ಅದು ಹೋಗುವ ವಯಸ್ಸೇ ಅಲ್ಲ.

ಪಾಷಾ ಅವರ ತಂದೆ ಗುಂಡ್ಲುಪೇಟೆ ಮಾರುಕಟ್ಟೆಯಲ್ಲಿ ಈರುಳ್ಳಿ ವ್ಯಾಪಾರ ಮಾಡುತ್ತಿದ್ದವರು. ಮನೆಯಲ್ಲಿ ಉರ್ದು, ಮಾರುಕಟ್ಟೆಯಲ್ಲಿ ಕನ್ನಡ, ಕೇರಳದ ಲಾರಿಯವರ ಜೊತೆ ಮಲಯಾಳ. ಈ ಮೂರು ಭಾಷೆಗಳ ನಡುವೆ ಬೆಳೆದ ಹುಡುಗ ಅದು ಹೇಗೋ ಇಂಗ್ಲಿಷಿಗೆ ಮನಸ್ಸು ಕೊಟ್ಟ. ಬಿಎ ಮಾಡಿದರು, ಕೆಲವು ವರ್ಷ ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳಿದರು, ಆಮೇಲೆ ಇಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು 'ಜಾಬ್ ಟೈಪಿಂಗ್ ಮತ್ತು ಭಾಷಾಂತರ' ಅಂತ ಬೋರ್ಡು ಹಾಕಿದರು. ಕನ್ನಡದ ದೂರು, ಹೇಳಿಕೆ, ಕ್ರಯಪತ್ರ — ಬೆಂಗಳೂರಿನ ಮೇಲಿನ ಕೋರ್ಟಿಗೆ ಹೋಗಬೇಕಾದ ಯಾವ ಕಾಗದವೇ ಇರಲಿ, ಅದನ್ನು ಇಂಗ್ಲಿಷಿಗೆ ಇಳಿಸಿಕೊಡುವುದು ನಮ್ಮ ಕೆಲಸ. ಅವರು ಬರೆಯುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಕೊನೆಯ ಹಾಳೆಯಲ್ಲಿ 'ಇದು ಮೂಲಕ್ಕೆ ಸರಿಯಾದ ಭಾಷಾಂತರ' ಅಂತ ಒಂದು ಸಾಲು, ಅದರ ಕೆಳಗೆ ಅವರ ಸಹಿ.

ಒಂದು ಪದಕ್ಕಾಗಿ ಅರ್ಧ ಗಂಟೆ ಕೂರುವ ಮನುಷ್ಯ ಅವರು. ನನಗೆ ಸಿಟ್ಟು ಬರುತ್ತಿತ್ತು. "ಅಲ್ಲಾ ಪಾಷಾಭಾಯ್, 'ತಳ್ಳಿದ' ಅಂದ್ರೆ ತಳ್ಳಿದ. ಅದರಲ್ಲಿ ಎಷ್ಟು ಥರ ಇರುತ್ತೆ?" ಅಂತ ಕೇಳಿದರೆ, ಕುರ್ಚಿಯಿಂದ ಎದ್ದು ಬಂದು ನನ್ನ ಭುಜಕ್ಕೆ ಮೆಲ್ಲಗೆ ಕೈ ತಾಗಿಸಿ, "ಇದು ಒಂದು," ಅನ್ನುತ್ತಿದ್ದರು. ಆಮೇಲೆ ಜೋರಾಗಿ ನೂಕಿ, "ಇದು ಇನ್ನೊಂದು. ಇದಕ್ಕೆ ಜೈಲು, ಅದಕ್ಕೆ ಇಲ್ಲ," ಅನ್ನುತ್ತಿದ್ದರು.

ನಾನು ನಗುತ್ತಿದ್ದೆ.

ಈಗ ಮೂಗಯ್ಯನವರ ವಿಷಯಕ್ಕೆ ಬರುತ್ತೇನೆ. ದೊಡ್ಡಮಾದಮ್ಮನವರ ಯಜಮಾನರು, ಕುಮಾರಿಯ ತಂದೆ. ಕೂಲಿ ಮಾಡುತ್ತಿದ್ದರು, ನಾಲ್ಕು ಆಡು ಮೇಯಿಸುತ್ತಿದ್ದರು. ಹನ್ನೆರಡು ವರ್ಷದ ಹಿಂದೆ, ಅವರ ಊರಿನಾಚೆಯ ಗುಡ್ಡದಲ್ಲಿ ಒಂದು ಕಲ್ಲು ಕ್ರಷರ್ ನಡೆಯುತ್ತಿತ್ತು. ಬಂಡೆ ಸಿಡಿಸಿ ಸಿಡಿಸಿ ಸುತ್ತಲ ಹಳ್ಳಿಗಳ ಮನೆ ಗೋಡೆಗಳು ಬಿರುಕು ಬಿಟ್ಟಿದ್ದವು. ಒಂದು ಮಧ್ಯಾಹ್ನ ಎರಡು ಮೂರು ಊರಿನ ಜನ ಸೇರಿ, ಕೇಳೋಣ ಅಂತ ಹೊರಟರು. ರಸ್ತೆಯ ಕಡೆ ಗೇಟು ಹಾಕಿತ್ತು. ಹಳ್ಳದ ಕಡೆಯಿಂದ ಒಂದು ಕಾಲುದಾರಿ ಇದೆ, ಅದು ಆಡು ಮೇಯಿಸುವವರಿಗೆ ಮಾತ್ರ ಗೊತ್ತು. ಅಲ್ಲೇ ಆಡು ಬಿಟ್ಟುಕೊಂಡಿದ್ದ ಮೂಗಯ್ಯನವರನ್ನು ಕಂಡು ಯಾರೋ ಕೇಳಿದರು, "ಮೂಗಣ್ಣ, ಮ್ಯಾಲಕ್ಕ ಯಾವ್ ಕಡಿಂದ ಓಗದು?" ಇವರು, "ಬನ್ನಿ, ತೋರ್ಸ್ತೀನಿ," ಅಂತ ಹಳ್ಳದವರೆಗೆ ಮುಂದೆ ನಡೆದರು. ಹಳ್ಳ ದಾಟಿಸಿದರು. ಆಡುಗಳು ಚೆದುರಿದವು ಅಂತ ಅಲ್ಲಿಂದಲೇ ವಾಪಸು ಬಂದರು.

ಮೇಲೆ ಮಾತಿಗೆ ಮಾತು ಬೆಳೆಯಿತು, ಕಲ್ಲು ತೂರಾಟವಾಯಿತು. ಯಾರೋ ಶೆಡ್ಡಿಗೆ ಬೆಂಕಿ ಇಟ್ಟರು. ಶೆಡ್ಡಿನ ಒಳಗೆ ಊಟ ಮಾಡಿ ಮಲಗಿದ್ದ ಕಾವಲುಗಾರ ಸಿದ್ದಯ್ಯ ಅನ್ನುವವರು ಸುಟ್ಟು ತೀರಿಕೊಂಡರು. ಅವರಿಗೂ ಮನೆಯಿತ್ತು, ಮಕ್ಕಳಿದ್ದರು. ಅದನ್ನು ನಾವು ಮರೆಯಬಾರದು.

ಹತ್ತು ಜನರ ಮೇಲೆ ಕೇಸಾಯಿತು. ಹತ್ತನೆಯವರು ಮೂಗಯ್ಯ. ಅವರ ಹೆಸರು ಬಂದದ್ದು ಒಬ್ಬ ಸಾಕ್ಷಿಯ ಹೇಳಿಕೆಯ ಒಂದೇ ಒಂದು ವಾಕ್ಯದಲ್ಲಿ. ಆ ವಾಕ್ಯ ನನಗೆ ಬಾಯಿಪಾಠವಾಗಿದೆ. 'ಮೂಗಯ್ಯ ದಾರಿ ತೋರಿಸಿಕೊಂಡು ಮುಂದೆ ಹೋಗುತ್ತಿದ್ದ, ಜನರು ಅವನ ಹಿಂದೆ ಹೋದರು.' ಅಷ್ಟೇ.

ಜಾಮೀನಿಗೆ ಮೇಲಿನ ಕೋರ್ಟಿಗೆ ಹೋಗಬೇಕಿತ್ತು. ಮೂಗಯ್ಯನವರ ಪರವಾಗಿ ರಘುನಾಥ ವಕೀಲರು ಕಾಗದಗಳನ್ನು ನಮಗೆ ಕಳಿಸಿದರು. ಗಮನಿಸಿ — ಅವರ ವಿರುದ್ಧದವರಲ್ಲ, ಅವರ ಪರವಾಗಿದ್ದವರೇ ಕಳಿಸಿದ್ದು. ನಲವತ್ತು ಪುಟ. ಸಂಜೆಯ ಬಸ್ಸಿಗೆ ಬೆಂಗಳೂರಿಗೆ ಹೋಗಬೇಕು. ವಕೀಲರ ಗುಮಾಸ್ತ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದ. ಪಾಷಾ ಬೆಳಿಗ್ಗೆಯಿಂದ ತಲೆ ಎತ್ತದೆ ಬರೆದರು. ಕೊನೆಯ ಎಂಟು ಪುಟ ನಾನು ಟೈಪ್ ಮಾಡುವುದು ಬಾಕಿ ಇತ್ತು. ಸಂಜೆಯ ನಮಾಜಿಗೆ ಹೊತ್ತಾಯಿತು. ಎದ್ದರು. ಕೊನೆಯ ಹಾಳೆಗೆ ಮೊದಲೇ ಸಹಿ ಹಾಕಿ ನನ್ನ ಮೇಜಿನ ಮೇಲಿಟ್ಟು, "ಶಾಂತು, ನಾನು ಬರೆದ ಹಾಗೇ ಹೊಡಿ. ಮುಗಿದ ತಕ್ಷಣ ಕೊಟ್ಟು ಕಳಿಸು," ಅಂದರು.

ಬರೆದ ಹಾಗೇ ಹೊಡಿ ಅಂದರು.

ಆ ವಾಕ್ಯವನ್ನು ಅವರು ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದಿದ್ದರು. ಮೂಗಯ್ಯ ಮುಂದೆ ನಡೆಯುತ್ತಾ ಕಾಲುದಾರಿಯನ್ನು ತೋರಿಸುತ್ತಿದ್ದ, ಜನ ಅದೇ ದಾರಿಯಲ್ಲಿ ಹಿಂದೆ ಬಂದರು — ಹೀಗೆ. ನಾನು ಅದನ್ನು ಓದಿದೆ. ಇಷ್ಟುದ್ದ ಯಾಕೆ ಅನ್ನಿಸಿತು. ನನಗೂ ಇಂಗ್ಲಿಷು ಬರುತ್ತದೆ ಅನ್ನುವ ಒಂದು ಜಂಬ ಇತ್ತು. ಅವರು ಬರೆದದ್ದನ್ನು ಬಿಟ್ಟು, ಅದರ ಬದಲು ಒಂದು ಪದ ಹೊಡೆದೆ. 'ಲೆಡ್'. ಮೂಗಯ್ಯ ಲೆಡ್ ದಿ ಮಾಬ್. ಮೂಗಯ್ಯ ಆ ಗುಂಪನ್ನು ಮುನ್ನಡೆಸಿದ.

ಅದನ್ನು ಮಾಡಿದವನು ನಾನು. ಪಾಷಾ ಅಲ್ಲ.

— ದಯವಿಟ್ಟು. ದಯವಿಟ್ಟು ಎಲ್ಲರೂ ಕುಳಿತುಕೊಳ್ಳಿ. ರಘುನಾಥ ಅವರೇ, ಮೈಕ್ ತೆಗೆದುಕೊಳ್ಳಬೇಡಿ. ನನ್ನ ತಲೆ ಸರಿಯಾಗಿಯೇ ಇದೆ. ಹನ್ನೆರಡು ವರ್ಷ ಹೇಳದೆ ಇದ್ದದ್ದು ಇವತ್ತು ಅರ್ಧಕ್ಕೆ ನಿಂತರೆ ಮತ್ತೆ ನನ್ನ ಬಾಯಿಂದ ಬರುವುದಿಲ್ಲ. ಕುಮಾರಿ, ಎದ್ದು ಹೋಗುವುದಾದರೆ ಹೋಗಮ್ಮ, ನಾನು ತಡೆಯುವುದಿಲ್ಲ. ಆದರೆ ಆಗುವುದಾದರೆ ಪೂರ್ತಿ ಕೇಳಿ ಹೋಗು.

ಉಳಿದ ಒಂಬತ್ತು ಜನಕ್ಕೆ ಜಾಮೀನು ಸಿಕ್ಕಿತು. ಗುಂಪಿನಲ್ಲಿ ಯಾರು ಏನು ಮಾಡಿದರು ಅನ್ನುವುದಕ್ಕೆ ಸ್ಪಷ್ಟವಾದ ಮಾತಿಲ್ಲ ಅಂತ. ಮೂಗಯ್ಯನವರಿಗೆ ಸಿಗಲಿಲ್ಲ. ಈತ ಗುಂಪಿನ ಮುಂದಾಳು, ಈತನದು ಬೇರೆ ಪಾತ್ರ ಅಂತ ಆದೇಶವಾಯಿತು. ನ್ಯಾಯಾಧೀಶರು ತಪ್ಪು ಮಾಡಲಿಲ್ಲ. ಅವರ ಮುಂದಿದ್ದ ಕಾಗದದಲ್ಲಿ ಹಾಗೇ ಬರೆದಿತ್ತು.

ಏಳು ತಿಂಗಳು ಕಳೆಯಿತು. ನನಗೆ ಅದು ನೆನಪೇ ಇರಲಿಲ್ಲ. ಒಂದು ದಿನ ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು ಕುಮಾರಿ ನಮ್ಮ ಕೋಣೆಗೆ ಬಂದಳು. ಆಗ ಸೆಕೆಂಡ್ ಪಿಯುಸಿ ಓದುತ್ತಿದ್ದಳು. ಕೈಯಲ್ಲಿ ಆ ಆದೇಶದ ಕಾಪಿ.

"ಸಾ, ಇದ್ರಲ್ಲಿ ನಮ್ಮಪ್ಪನ್ ಇಸ್ಯ ಏನ್ ಬರ್ದವ್ರ, ಒಸಿ ಓದಿ ಯೋಳಿ ಸಾ. ಎಲ್ರುನೂ ಬುಟ್ಟವ್ರ, ನಮ್ಮಪ್ಪನ್ ಮಾತ್ರ ಯಾಕ ಬುಡ್ನಿಲ್ಲ?"

ಪಾಷಾ ಕನ್ನಡಕ ಹಾಕಿಕೊಂಡು ಓದುತ್ತಾ ಹೋದರು, ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳುತ್ತಾ ಹೋದರು. ಆ ಸಾಲಿಗೆ ಬಂದು ನಿಂತರು. ಮತ್ತೆ ಮೊದಲಿನಿಂದ ಓದಿದರು. "ನಿಮ್ಮಪ್ಪ ಈ ಗುಂಪಿಗೆ ನಾಯಕ ಆಗಿದ್ರು ಅಂತ ಬರ್ದಿದೆ ಮಗಳೇ," ಅಂದರು.

ಆ ಹುಡುಗಿ ನಕ್ಕುಬಿಟ್ಟಳು. ನಿಜವಾಗಲೂ ನಕ್ಕಳು. "ನಮ್ಮಪ್ಪ ನಾಯಕ್ನಾ? ನಮ್ಮಪ್ಪನ್ ಮಾತ ನಮ್ ಆಡೇ ಕೇಳದಿಲ್ಲ ಸಾ!" ಆಮೇಲೆ ನಗು ಹಾಗೇ ಅಳುವಾಯಿತು.

ಅವಳು ಹೋದ ಮೇಲೆ ಪಾಷಾ ಬೀರುವಿನಿಂದ ಆಫೀಸು ಕಾಪಿ ತೆಗೆದರು. ಆಮೇಲೆ ತಾವು ಕೈಯಲ್ಲಿ ಬರೆದ ಹಾಳೆಗಳ ಕಟ್ಟು ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ನಾನು ಎದುರಿನ ಮೇಜಿನಲ್ಲಿ ಕೂತಿದ್ದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ನನ್ನ ಬೆರಳುಗಳು ಕೀಬೋರ್ಡಿನ ಮೇಲಿದ್ದವು, ಏನೋ ಹೊಡೆಯುತ್ತಿರುವವನ ಹಾಗೆ ಹೊಡೆಯುತ್ತಿದ್ದೆ. ಏನು ಹೊಡೆದೆನೋ ದೇವರಿಗೇ ಗೊತ್ತು.

ಅವರು ಹೇಳಿದ್ದು ಎರಡೇ ಮಾತು: "ಸಹಿ ನನ್ನದು."

ಮಾರನೆಯ ದಿನ ರಘುನಾಥ ವಕೀಲರ ಹತ್ತಿರ ಹೋಗಿ, ಭಾಷಾಂತರ ತಪ್ಪಾಗಿದೆ, ತಪ್ಪು ನನ್ನದು ಅಂತ ಅಫಿಡವಿಟ್ ಕೊಡುತ್ತೇನೆ ಅಂದರು. ರಘುನಾಥ ಅವರೇ, ಅವತ್ತು ನೀವು ಏನಂದಿರಿ ಅನ್ನುವುದು ನಿಮಗೆ ನೆನಪಿರಬಹುದು. "ಪಾಷಾ, ಯೋಚನೆ ಮಾಡಿ. ಇದನ್ನು ಕೊಟ್ಟ ಮೇಲೆ ಜಿಲ್ಲೆಯಲ್ಲಿ ಯಾವ ವಕೀಲನೂ ನಿಮಗೆ ಒಂದು ಹಾಳೆ ಕೊಡಲ್ಲ." ನೀವು ಹೇಳಿದ್ದು ಸರಿಯಾಗಿಯೇ ಇತ್ತು. ಅವರು ಕೇಳಲಿಲ್ಲ.

ಬೆಂಗಳೂರಿಗೆ ಅವರ ಜೊತೆ ನಾನೂ ಹೋದೆ. ಜೊತೆಗಿರಲಿ ಅಂತ ಅವರೇ ಕರೆದರು. ಇವನು ಅಲ್ಲಾದರೂ ಬಾಯಿ ಬಿಡುತ್ತಾನೆ ಅಂದುಕೊಂಡರೋ ಏನೋ. ನ್ಯಾಯಾಧೀಶರು ಅಫಿಡವಿಟ್ ಓದಿ ಅವರನ್ನು ಮುಂದೆ ಕರೆದರು. ಕರಿ ಕೋಟುಗಳ ಮಧ್ಯೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಪಾಷಾ. "ದಾರಿ ತೋರಿಸುವುದು, ಮುನ್ನಡೆಸುವುದು — ಇವೆರಡಕ್ಕೂ ಇಂಗ್ಲಿಷಿನಲ್ಲಿ ಲೀಡ್ ಅನ್ನಬಹುದಲ್ಲವೇ? ವ್ಯತ್ಯಾಸ ಏನು ಹೇಳಿ," ಅಂತ ಕನ್ನಡದಲ್ಲೇ ಕೇಳಿದರು.

ಪಾಷಾ ಹೀಗೆ ಎರಡೂ ಕೈ ಮುಂದೆ ಕಟ್ಟಿಕೊಂಡು ನಿಂತರು.

"ಸ್ವಾಮಿ, ನಾನು ಗುಂಡ್ಲುಪೇಟೆಯವನು. ನಮ್ಮಲ್ಲಿ ತರಕಾರಿ ಮಾರುಕಟ್ಟೆಗೆ ಲಾರಿ ಬರುತ್ತವೆ. ಸ್ಟೇರಿಂಗ್ ಹಿಡಿದವನು ಒಬ್ಬ ಇರುತ್ತಾನೆ. ಅವನು ತಿರುಗಿಸಿದ ಕಡೆ ಲಾರಿ ತಿರುಗುತ್ತೆ. ಅವನು ಮಾಡುವುದು ಸ್ಟಿಯರ್. ಲಾರಿ ಹಿಂದಕ್ಕೆ ತೆಗೆಯುವಾಗ ಒಬ್ಬ ಹಿಂದೆ ನಿಂತು ತಟ್ಟುತ್ತಾ 'ಬರ್ಲಿ, ಬರ್ಲಿ, ಲೆಫ್ಟ್‌ಗೆ ಒಡಿ' ಅಂತಾನೆ. ಅವನು ಡೈರೆಕ್ಟ್ ಮಾಡುತ್ತಾನೆ. ಅವನ ಮಾತು ಕೇಳಿಯೇ ಲಾರಿ ಬರುತ್ತೆ, ಗೋಡೆಗೆ ಗುದ್ದಿದರೆ ಅವನಿಗೂ ಜವಾಬ್ದಾರಿ ಇದೆ. ಯೂನಿಯನ್ನಿನ ಮುಖಂಡ ಒಬ್ಬ ಇರುತ್ತಾನೆ. ಅವನು ಹೊರಡಿ ಅಂದರೆ ಲಾರಿಗಳು ಹೊರಡುತ್ತವೆ, ನಿಲ್ಲಿ ಅಂದರೆ ನಿಲ್ಲುತ್ತವೆ. ಅದು ಲೀಡ್. ಇವರೆಲ್ಲರನ್ನೂ ಬಿಟ್ಟು ಇನ್ನೊಬ್ಬ ಇರುತ್ತಾನೆ ಸ್ವಾಮಿ. ರಸ್ತೆ ಬದಿಯಲ್ಲಿ ನಿಂತಿರುತ್ತಾನೆ. ಹೊಸ ಡ್ರೈವರು ಅವನನ್ನು ಮಾರುಕಟ್ಟೆ ಎಲ್ಲಿ ಅಂತ ಕೇಳುತ್ತಾನೆ. ಅವನು ನಾಲ್ಕು ಹೆಜ್ಜೆ ಮುಂದೆ ನಡೆದು ತಿರುವು ತೋರಿಸುತ್ತಾನೆ. ಅದು ಗೈಡ್. ಮಾರುಕಟ್ಟೆಗೆ ಹೋಗುವ ತೀರ್ಮಾನ ಅವನದಲ್ಲ. ಒಳಗೆ ಹೋದ ಲಾರಿ ಏನು ಮಾಡಿತು ಅನ್ನುವುದೂ ಅವನಿಗೆ ಗೊತ್ತಿಲ್ಲ. ಮೂಗಯ್ಯ ಆ ಮನುಷ್ಯ. ಲೀಡ್ ಅನ್ನುವ ಪದದೊಳಗೆ ಮುಂದೆ ನಡೆದವನೂ ಇದ್ದಾನೆ, ಅಪ್ಪಣೆ ಕೊಟ್ಟವನೂ ಇದ್ದಾನೆ. ಕನ್ನಡದ ಹೇಳಿಕೆಯಲ್ಲಿ ಇದ್ದವನು ಮುಂದೆ ನಡೆದವನು ಮಾತ್ರ."

ನ್ಯಾಯಾಧೀಶರು ಅಫಿಡವಿಟ್ ಪಕ್ಕಕ್ಕಿಟ್ಟು ಕೇಳಿದರು.

"ಇಷ್ಟೆಲ್ಲ ತಿಳಿದವರು ನೀವು. ಭಾಷಾಂತರ ಮಾಡುವಾಗ ಇದು ಗೊತ್ತಿರಲಿಲ್ಲವೇ?"

ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಲ್ಲಿಂದ ಅವರು ನಿಂತ ಜಾಗಕ್ಕೆ ಹತ್ತು ಹೆಜ್ಜೆಯೂ ಇರಲಿಲ್ಲ. ಏಳು, ಏಳು ಅಂತ ನನಗೆ ನಾನೇ ಹೇಳಿಕೊಂಡೆ. ಏಳಲಿಲ್ಲ.

ಪಾಷಾ ತಿರುಗಿಯೂ ನೋಡಲಿಲ್ಲ. "ಗೊತ್ತಿತ್ತು ಸ್ವಾಮಿ," ಅಂದರು. "ಗೊತ್ತಿದ್ದೂ ಓದದೆ ಸಹಿ ಹಾಕಿದೆ."

ಅವರು ಸುಳ್ಳು ಹೇಳಲಿಲ್ಲ, ನೋಡಿ. ಆ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಆದರೆ ಅದರಲ್ಲಿ ನಾನು ಇರಲಿಲ್ಲ. ನನ್ನನ್ನು ಹೊರಗೇ ಬಿಟ್ಟಿದ್ದರು.

ಜಾಮೀನು ಆಯಿತು. ಅಷ್ಟು ಹೊತ್ತಿಗೆ ಮೂಗಯ್ಯ ಒಳಗಿದ್ದು ಹದಿನಾಲ್ಕು ತಿಂಗಳಾಗಿತ್ತು. ಬಿಡುಗಡೆಯ ದಿನ ಜೈಲಿನ ಬಾಗಿಲಿಗೆ ಪಾಷಾ ಹೋಗಿದ್ದರು. ಹೊರಗೆ ಬಂದವರನ್ನು ಅವರ ಮಗಳೇ ಗುರುತು ಹಿಡಿಯಲಿಲ್ಲ. ಎದೆಯಲ್ಲಿ ಕ್ಷಯ. ಉಮ್ಮತ್ತೂರಿನ ಮನೆಗೆ ಬಂದು ನಲವತ್ತು ದಿನ ಇದ್ದರು. ಆಡುಗಳನ್ನು ಆಗಲೇ ಮಾರಿಬಿಟ್ಟಿದ್ದರು. ದಿನಾ ಬೆಳಿಗ್ಗೆ ಎದ್ದು ಖಾಲಿ ಕೊಟ್ಟಿಗೆ ಬಾಗಿಲಲ್ಲಿ ಕೂರುತ್ತಿದ್ದರಂತೆ. ನಲವತ್ತೊಂದನೆಯ ದಿನ ಹೋದರು.

ಕೇಸು ಇನ್ನೂ ಮೂರು ವರ್ಷ ನಡೆಯಿತು. ಉಳಿದ ಒಂಬತ್ತು ಜನ ಖುಲಾಸೆಯಾದರು. ತೀರ್ಪಿನಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆಯೂ ನಿರ್ದೋಷಿ ಅಂತ ಬರೆದಿದೆ. ಮೂಗಯ್ಯನವರ ಹೆಸರಿನ ಮುಂದೆ ಏನಿದೆ ಗೊತ್ತೇ? 'ಮೃತಪಟ್ಟಿರುವುದರಿಂದ ಪ್ರಕರಣ ಮುಕ್ತಾಯ.' ಅಷ್ಟೇ. ಅಪರಾಧಿ ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. ಅವತ್ತು ಕೋರ್ಟಿನ ಹೊರಗೆ ದೊಡ್ಡಮಾದಮ್ಮನವರು ಪಾಷಾ ಅವರನ್ನು ಕೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದೇನೆ. "ಎಲ್ಲರ್ ಎಸ್ರೂ ಕೂಗುದ್ರು, ಬುಟ್ಟಿವಿ ಅಂದ್ರು. ನಮ್ಮೋರ್ ಎಸ್ರ ಯಾಕ ಕೂಗ್ನಿಲ್ಲ ಬುದ್ಧಿ? ಸತ್ತೋರ್ನ ಬುಡದಿಲ್ವಾ?"

ಪಾಷಾ ಆ ತಾಯಿಯ ಮುಂದೆ ಕೈ ಮುಗಿದು ನಿಂತರು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ, ನಿಧಾನವಾಗಿ ಹೇಳುವ ಶಕ್ತಿ ನನಗಿಲ್ಲ. ಪಾಷಾ ಅವರಿಗೆ ಕೆಲಸ ಬರುವುದು ನಿಂತಿತು. ತಪ್ಪು ಭಾಷಾಂತರ ಮಾಡಿ ಒಬ್ಬನನ್ನು ಜೈಲಿನಲ್ಲಿ ಕೊಳೆಸಿದ ಮನುಷ್ಯ ಅಂತ ಹೆಸರಾಯಿತು. ನಾನು ಒಂದು ವರ್ಷ ಅವರ ಜೊತೆ ಖಾಲಿ ಕೂತೆ. ಆಮೇಲೆ ರಸ್ತೆಯ ಆ ಕಡೆ ನನ್ನದೇ ಕೋಣೆ ಮಾಡಿದೆ. ಅವರಿಗೆ ಬರಬೇಕಾದ ಕಾಗದಗಳೆಲ್ಲ ನನಗೆ ಬಂದವು. ಇಲ್ಲಿ ಕೂತಿರುವ ವಕೀಲರಲ್ಲಿ ಅರ್ಧ ಜನ ಈಗಲೂ ನನಗೇ ಕೊಡುತ್ತೀರಿ. ಶಾಂತರಾಜು ಹುಷಾರಾಗಿ ಮಾಡುತ್ತಾನೆ ಅನ್ನುತ್ತೀರಿ. ಪಾಷಾ ಎದುರು ಕೋಣೆಯಲ್ಲಿ ಅರ್ಜಿ ಬರೆದುಕೊಡುತ್ತಾ, ಪಿಂಚಣಿ ಫಾರಂ ತುಂಬಿಕೊಡುತ್ತಾ ಕೂತಿರುತ್ತಿದ್ದರು. ಕಣ್ಣಿಗೆ ಕಣ್ಣು ಸಿಕ್ಕರೆ ಕೈ ಎತ್ತಿ ಸಲಾಂ ಮಾಡುತ್ತಿದ್ದರು.

ಕುಮಾರಿ ಪಿಯುಸಿ ಪರೀಕ್ಷೆ ಬರೆಯಲೇ ಇಲ್ಲ. ಅವಳನ್ನು ಮತ್ತೆ ಕಾಲೇಜಿಗೆ ಕಳಿಸಬೇಕು ಅಂತ ಪಾಷಾ ಎಷ್ಟು ಸಲ ಉಮ್ಮತ್ತೂರಿಗೆ ಹೋದರೋ. ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದರು, ನಾನೇ ಬಂದು ಪಾಠ ಹೇಳುತ್ತೇನೆ ಅನ್ನುತ್ತಿದ್ದರು. ಅವಳು ಒಂದು ಸಲ ಹೇಳಿದಳಂತೆ, "ಓದ್ದೋರ್ ಬರ್ದಿದ್ಕೇ ಅಲ್ವಾ ಸಾ ನಮ್ಮಪ್ಪ ಒಳಕ್ಕೋದದ್ದು. ನಂಗ ಓದು ಬ್ಯಾಡ." ಇದನ್ನು ಪಾಷಾ ನನಗೆ ಹೇಳಿದರು. ಹೇಳಿ, ಟೀ ಲೋಟ ಕೆಳಗಿಟ್ಟು ಎದ್ದು ಹೋದರು. ಕುಮಾರಿ, ಆ ಮಾತನ್ನು ನೀನು ಹೇಳಬೇಕಾಗಿದ್ದದ್ದು ನನಗೆ. ಅವರು ಅದನ್ನು ತಮ್ಮದು ಅಂತ ತೆಗೆದುಕೊಂಡರು.

ಚಾಂದ್ ಬಿ ಅತ್ತಿಗೆ.

ನಿಮಗೂ ಅವರು ಹೇಳಿರಲಿಲ್ಲ ಅಂತ ನಿನ್ನೆ ನಿಮ್ಮ ಮನೆಗೆ ಬಂದಾಗ ಗೊತ್ತಾಯಿತು. ಒಂದು ರಂಜಾನಿಗೆ ಊಟಕ್ಕೆ ಬಂದಿದ್ದೆ. ಅವರು ಒಳಗೆ ಕೈ ತೊಳೆಯುತ್ತಿದ್ದಾಗ ನೀವು ಮೆಲ್ಲಗೆ ಕೇಳಿದಿರಿ, "ಶಾಂತುಭಾಯ್, ಇಷ್ಟು ಓದಿದವ್ರು, ಒಂದು ಮಾತಿನಾಗೆ ಹೆಂಗೆ ತಪ್ಪಿದ್ರು?" ನಾನು ಏನಂದೆ? "ಮನುಷ್ಯ ಅಂದ್ಮೇಲೆ ತಪ್ಪಾಗುತ್ತೆ ಅತ್ತಿಗೆ, ನೀವು ಮನಸ್ಸಿಗೆ ಹಚ್ಚಿಕೋಬೇಡಿ." ನಿಮ್ಮ ಮನೆಯ ಅನ್ನ ಬಾಯಲ್ಲಿಟ್ಟುಕೊಂಡು ಆ ಮಾತು ಹೇಳಿದೆ.

ನಾಲ್ಕು ವರ್ಷದ ಹಿಂದೆ ಅವರಿಗೆ ಮೊದಲ ಸಲ ಎದೆನೋವು ಬಂತು. ನೋಡಲು ಹೋಗಿದ್ದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಕೋಣೆಯಲ್ಲಿ ನಾವಿಬ್ಬರೇ. ಆ ಸಂಜೆಯ ವಿಷಯವನ್ನು ನಾವು ಬಾಯಿಬಿಟ್ಟು ಮಾತಾಡಿದ್ದು ಅದೊಂದೇ ಸಲ.

"ಭಾಯ್, ನೀವು ಯಾಕೆ ಯಾರಿಗೂ ಹೇಳಲಿಲ್ಲ?" ಅಂತ ಕೇಳಿದೆ.

"ಏನಂತ ಹೇಳಲಿ ಶಾಂತು? ನೀನು ಒಂದು ಪದ ಬದಲಾಯಿಸಿದೆ. ನಾನು ಓದಲೇ ಇಲ್ಲ. ಓದಿದ್ದರೆ ನಿನ್ನ ತಪ್ಪು ಅಲ್ಲೇ ಸಾಯುತ್ತಿತ್ತು, ಆ ಮನುಷ್ಯ ಬದುಕುತ್ತಿದ್ದ."

"ಆದ್ರೂ ಹೊಡೆದವನು ನಾನು."

"ಹೌದು. ಅದನ್ನ ನಾನು ಹೇಳಿದರೆ ಚಾಡಿ ಆಗುತ್ತೆ. ನೀನೇ ಹೇಳಬೇಕು. ನನಗಲ್ಲ, ಕೋರ್ಟಿಗೂ ಅಲ್ಲ. ಉಮ್ಮತ್ತೂರಿಗೆ ಹೋಗು. ಆ ಅಮ್ಮನಿಗೆ ಹೇಳು. ಅವರಿಗೆ ಗೊತ್ತಿರಬೇಕು." ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಕೇಳಿದರು, "ಹೋಗ್ತೀಯಾ?"

"ಹೋಗ್ತೀನಿ ಭಾಯ್," ಅಂದೆ.

ಹರದನಹಳ್ಳಿಯಿಂದ ಉಮ್ಮತ್ತೂರೇನು ದೂರವೇ? ನಾಲ್ಕು ವರ್ಷ. ಒಂದು ಸಲ ಬೈಕಿನಲ್ಲಿ ಊರಿನ ಹತ್ತಿರದವರೆಗೆ ಹೋದೆ. ದೊಡ್ಡಮಾದಮ್ಮನವರು ಯಾರದೋ ಹೊಲದಲ್ಲಿ ಬಗ್ಗಿ ಕಳೆ ಕೀಳುತ್ತಿದ್ದರು. ದೂರದಿಂದ ನೋಡಿದೆ. ಬೈಕು ತಿರುಗಿಸಿಕೊಂಡು ಬಂದುಬಿಟ್ಟೆ. ಪಾಷಾ ಆಮೇಲೆ ಒಂದು ಸಲವೂ 'ಹೋದೆಯಾ' ಅಂತ ಕೇಳಲಿಲ್ಲ. ಬಸ್ಸಿನಿಂದ ಅವರನ್ನು ಇಳಿಸುವಾಗ ಸ್ಟ್ಯಾಂಡಿಗೆ ಓಡಿ ಹೋದವರಲ್ಲಿ ನಾನೂ ಒಬ್ಬ. ನಾನು ಅವರ ಕಾಲು ಹಿಡಿದುಕೊಂಡಿದ್ದೆ. ಇನ್ನು ಈ ಮನುಷ್ಯ ಕೇಳುವುದೇ ಇಲ್ಲ ಅನ್ನಿಸಿತು. ಬಂಧುಗಳೇ, ಒಂದು ಕ್ಷಣ — ಒಂದೇ ಕ್ಷಣ — ನನಗೆ ಹಗುರವಾಯಿತು. ನಾನು ಎಂಥವನು ಅಂತ ನನಗೆ ಅವತ್ತು ತಿಳಿಯಿತು. ಅದಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ.

ಈ ಸಭೆಯಲ್ಲಿ ಪಾಷಾ ಅವರ ಗುಣ ಹೇಳುವವರು ಇನ್ನೂ ಇದ್ದಾರೆ. ಅವರು ಹೇಳಲಿ. ನಾನು ಹೇಳುವುದು ಒಂದೇ. ಇಷ್ಟು ವರ್ಷ ಈ ಊರಿನಲ್ಲಿ ಅವರ ಬಗ್ಗೆ ಯಾರು ಏನು ಆಡಿಕೊಂಡಿದ್ದರೂ ಅದನ್ನು ಇವತ್ತು ನನ್ನ ಹೆಸರಿಗೆ ಬದಲಾಯಿಸಿಕೊಳ್ಳಿ. ಅವರು ಬರೆದದ್ದು ಸರಿಯಾಗಿತ್ತು. ಕೈಬರಹದ ಆ ಹಾಳೆ ಅವರ ಬೀರುವಿನಲ್ಲಿ ಸಿಕ್ಕಿತು. ನಾಜ್ನೀನ್ ಹತ್ತಿರ ಇದೆ. ಯಾರು ಬೇಕಾದರೂ ನೋಡಬಹುದು.

ನಿನ್ನೆ ನಾನೂ ಒಂದು ಹೇಳಿಕೆ ಬರೆದೆ. ಏನು, ಎತ್ತ ಅಂತ ಹೇಳದೆ, ಮುಗಿದ ಕೇಸಿಗೆ ಹೊಸ ಹೇಳಿಕೆ ಸೇರಿಸಲು ಆಗುತ್ತದೆಯೇ ಅಂತ ರಘುನಾಥ ಅವರಿಗೆ ಫೋನಿನಲ್ಲಿ ಕೇಳಿದೆ. ಮುಗಿದ ಕೇಸಿಗೆ ಏನೂ ಸೇರುವುದಿಲ್ಲ ಅಂದರು. ಸೇರದಿದ್ದರೆ ಬೇಡ. ಅದನ್ನು ದೊಡ್ಡಮಾದಮ್ಮನವರ ಕೈಗೆ ಕೊಡುತ್ತೇನೆ. ಕನ್ನಡದಲ್ಲೇ ಬರೆದಿದ್ದೇನೆ ಅಮ್ಮಾ. ಟೈಪ್ ಮಾಡಿಲ್ಲ, ಕೈಯಲ್ಲೇ ಬರೆದಿದ್ದೇನೆ. ಈಗ ಓದುತ್ತೇನೆ, ಎಲ್ಲರೂ ಕೇಳಿ.

'ಉಮ್ಮತ್ತೂರಿನ ಮೂಗಯ್ಯನವರು ಯಾವ ಗುಂಪಿನ ನಾಯಕರೂ ಆಗಿರಲಿಲ್ಲ. ದಾರಿ ಕೇಳಿದವರಿಗೆ ಹಳ್ಳದವರೆಗೆ ದಾರಿ ತೋರಿಸಿ, ತಮ್ಮ ಆಡುಗಳ ಹತ್ತಿರ ವಾಪಸು ಬಂದರು. ಅವರು ಹದಿನಾಲ್ಕು ತಿಂಗಳು ಜೈಲಿನಲ್ಲಿ ಇದ್ದದ್ದು ನಾನು ಹೊಡೆದ ಒಂದು ಪದದಿಂದ. ಗುಂಡ್ಲುಪೇಟೆಯ ಅಪ್ಸರ್ ಪಾಷಾ ಅವರದು ಇದರಲ್ಲಿ ಏನೂ ತಪ್ಪಿಲ್ಲ —'

ಇಲ್ಲ. ಈ ಕೊನೆಯ ಸಾಲನ್ನು ಪಾಷಾ ಒಪ್ಪುತ್ತಿರಲಿಲ್ಲ. ಓದದೆ ಸಹಿ ಹಾಕಿದ್ದು ತಪ್ಪೇ ಅನ್ನುತ್ತಿದ್ದರು. ಅದನ್ನು ತಿದ್ದುತ್ತೇನೆ. ಪೆನ್ನು ಕೊಡಿ ಯಾರಾದರೂ… 'ಅಪ್ಸರ್ ಪಾಷಾ ಅವರು ನನ್ನನ್ನು ನಂಬಿ, ಓದದೆ ಸಹಿ ಹಾಕಿದರು.' ಇದು ಸರಿ. ಕೆಳಗೆ ನನ್ನ ಸಹಿ ಇದೆ. ಓದಿಯೇ ಹಾಕಿದ್ದೇನೆ.

ಈಗ ಎಲ್ಲರೂ ಎದ್ದು ನಿಲ್ಲಬೇಕು ಅಂತ ಕೇಳಿಕೊಳ್ಳುತ್ತೇನೆ. ಅಪ್ಸರ್ ಪಾಷಾ ಅವರಿಗಾಗಿ. ಬೆಂಕಿಯಲ್ಲಿ ಹೋದ ಸಿದ್ದಯ್ಯನವರಿಗಾಗಿ. ಯಾರೂ ಹೆಸರು ಕೂಗದೆ ಹೋದ ಮೂಗಯ್ಯನವರಿಗಾಗಿ.

ಅತ್ತಿಗೆ, ದೊಡ್ಡಮಾದಮ್ಮನವರೇ, ಕುಮಾರಿ — ನಾನು ಹೇಳಿದೆ ಅಂತ ನೀವು ಮೂವರೂ ಏಳಬೇಕಾಗಿಲ್ಲ. ಕುಳಿತೇ ಇರಿ. ನಿಂತುಕೊಳ್ಳಬೇಕಾದವರು ನಾವು.

ದಯವಿಟ್ಟು ಎದ್ದು ನಿಲ್ಲಿ. ಎರಡು ನಿಮಿಷ ಮೌನವಾಗಿರೋಣ.